ಬಲ್ಲವನ ಬಿರುದು

ಲಿಸ್ಬನ್ ನಗರದ ಬೆಲೆಂನಲ್ಲಿ, ಜೆರೋನಿಮಸ್ ಮಠದ ಪಶ್ಚಿಮ ಭಾಗದಲ್ಲಿ ಪೋರ್ಚುಗೀಸರ ನೌಕಾ ವಸ್ತುಸಂಗ್ರಹಾಲಯವಿದೆ. ದೊರೆ ಒಂದನೆಯ ಲೂಯಿಸ್ 1863ರಲ್ಲಿ ಆರಂಭಿಸಿದ ಸಂಗ್ರಹ 1962ರಿಂದ ಅಲ್ಲಿದೆ. ಹಡಗಿನ ಮಾದರಿಗಳು, ನಕ್ಷೆಗಳು, ಭೂಗೋಲಗಳ ನಡುವೆ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ದೇವದೂತ ರಫಾಯೆಲನ ಮರದ ವಿಗ್ರಹ. ವಾಸ್ಕೋ ಡ ಗಾಮನ ಮೊದಲ ಯಾನದಲ್ಲಿ 'ಸಾವ್ ರಫಾಯೆಲ್' ಎಂಬ ಹಡಗಿನೊಡನೆ ಭಾರತಕ್ಕೆ ಬಂದುಹೋದ ವಿಗ್ರಹವದು.

1498ರ ಏಪ್ರಿಲ್ 24ರಂದು ಗಾಮ ಆಫ್ರಿಕದ ಮಲಿಂದಿಯಿಂದ ಹೊರಟ. ಅಲ್ಲಿಯ ಅರಸು ಕೊಟ್ಟ ಮಾರ್ಗದರ್ಶಿ ಜೊತೆಗಿದ್ದ. ಮುಂಗಾರಿನ ಮೊದಲ ಗಾಳಿ ಹಿಡಿದು ನಡೆದವರಿಗೆ 23 ದಿನಗಳಲ್ಲಿ ಮಲಬಾರಿನ ಬೆಟ್ಟಗಳು ಕಂಡವು.

ಹಿಂದಿರುಗಿದ ಕಥೆ ಬೇರೆ. ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ಸರಿಪಡಿಸಿಕೊಂಡು ಅವರು ಅಕ್ಟೋಬರ್ 5ರಂದೇ ಹೊರಟರು. ಅನುಕೂಲದ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಅದೇ ಕಡಲನ್ನು ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ಒಸಡು ಬಾಯುವ ಸ್ಕರ್ವಿ ರೋಗದಿಂದ 30 ಮಂದಿ ಸತ್ತರೆಂದೂ, ಹಡಗೊಂದಕ್ಕೆ ದುಡಿಯಬಲ್ಲವರು ಏಳೆಂಟು ಮಂದಿ ಉಳಿದರೆಂದೂ ಯಾನದ ದಿನಚರಿ ಹೇಳುತ್ತದೆ. ನಡೆಸುವ ಕೈಗಳಿಲ್ಲದೆ 1499ರ ಜನವರಿಯಲ್ಲಿ ಆ ಹಡಗನ್ನು ಅವರೇ ಸುಟ್ಟರು. ವಿಗ್ರಹವನ್ನು ಮಾತ್ರ ಉಳಿಸಿಕೊಂಡರು.

ಕಡಲು ಒಂದೇ, ನಾವಿಕರೂ ಅವರೇ. ಹೋಗುವಾಗ ಇದ್ದು ಬರುವಾಗ ಇಲ್ಲದ್ದು ಗಾಳಿಯ ಕಾಲವರಿತವನ ಮಾತು. ಚರಿತ್ರಕಾರ ಬಾರೋಸ್ ಆ ಮಾರ್ಗದರ್ಶಿಯನ್ನು ಗುಜರಾತಿನವನೆಂದು ಹೇಳಿ 'ಮಾಲೆಮೊ' ಎಂದು ಕರೆದಿದ್ದಾನೆ. ಅದು ಅರಬ್ಬಿಯ 'ಮುಅಲ್ಲಿಂ'. ಹೆಸರಲ್ಲ, ಬಲ್ಲವನಿಗೆ ಸಲ್ಲುವ ಬಿರುದು. ಭಾರತದ ದಾರಿಯನ್ನು 'ಕಂಡುಹಿಡಿದ' ಕೀರ್ತಿಯಲ್ಲಿ ಆ ಬಿರುದಿಗೂ ಪಾಲುಂಟು.