ಚದುರಂಗದ ಮನೆಗಳಲ್ಲಿ ಗೋಧಿ ಕಾಳು: ಒಬ್ಬ ಕಾಝಿಯ ಸಂದೇಹ

ಚದುರಂಗದ ಮೊದಲ ಮನೆಗೆ ಒಂದು ಗೋಧಿ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ 64 ಮನೆಗಳವರೆಗೆ ಇಮ್ಮಡಿಸುತ್ತಾ ಕೊಡಬೇಕೆಂದು ಆಟವನ್ನು ಕಂಡುಹಿಡಿದ ಸಿಸ್ಸಾ ಎಂಬವನು ಹಿಂದ್‌ನ ಅರಸನಲ್ಲಿ ಬೇಡಿದನಂತೆ. ಅರಸನು ಅದನ್ನು ಅಲ್ಪವೆಂದು ಬಗೆದನು. ಇದು ಕಟ್ಟುಕಥೆಯೇ ಇರಬಹುದು. ಸಂಖ್ಯೆ ಮಾತ್ರ ಕಟ್ಟುಕಥೆಯಲ್ಲ. ಒಟ್ಟು ಕಾಳುಗಳು 18446744073709551615.

ದಮಸ್ಕಸ್‌ನ ಮುಖ್ಯ ಕಾಝಿಯಾಗಿದ್ದ ಇಬ್ನ್ ಖಲ್ಲಿಕಾನ್ (ಹಿಜರಿ 608–681) ತಮ್ಮ ‘ವಫಯಾತುಲ್ ಅಅಯಾನ್’ ಎಂಬ ಜೀವನಚರಿತ್ರಾ ಕೋಶದಲ್ಲಿ, ಚದುರಂಗ ನಿಪುಣ ಅಸ್ಸೂಲಿಯ ಪ್ರಸಂಗದಲ್ಲಿ ಈ ಕಥೆಯನ್ನು ಹೇಳುತ್ತಾರೆ. ಅಷ್ಟು ಧಾನ್ಯ ಲೋಕದಲ್ಲೇ ಇಲ್ಲವೆಂಬ ಮಾತನ್ನು ಅವರು ಮೊದಲು ನಂಬಲಿಲ್ಲ. ಅಲೆಕ್ಸಾಂಡ್ರಿಯಾದ ಲೆಕ್ಕಿಗನೊಬ್ಬ ಲೆಕ್ಕ ಬಿಡಿಸಿ ತೋರಿಸಿದ ಮೇಲೆಯೇ ಒಪ್ಪಿದರು. 16ನೆಯ ಮನೆಯ 32768 ಕಾಳುಗಳನ್ನು ಆತ ಒಂದು ‘ಕದಹ್’ ಎಂದು ಹಿಡಿದ. 20ನೆಯ ಮನೆಗೆ 16 ಕದಹ್, ಅಂದರೆ ಒಂದು ‘ವೈಬಾ’. ಆರು ವೈಬಾ ಸೇರಿದರೆ ಒಂದು ‘ಇರ್ದಬ್ಬ್’. 40ನೆಯ ಮನೆಗೆ ಬರುವಾಗ ಅದು 1,74,762 ಇರ್ದಬ್ಬ್‌ಗಳನ್ನು ಮೀರಿತು. ಅದನ್ನು ಒಂದು ಕಣಜವೆಂದ. (ನಮ್ಮ ಕಡೆಯ ಹಿರಿಯರಾದರೆ ಹಗೇವು ಎನ್ನುತ್ತಿದ್ದರು, ಆದರೆ ಇಂಥ ಹಗೇವನ್ನು ತೋಡುವವರು ಯಾರು?) 50ನೆಯ ಮನೆಗೆ 1024 ಕಣಜಗಳು, ಅದನ್ನು ಒಂದು ಪಟ್ಟಣವೆಂದ. ಕೊನೆಯ ಮನೆಯೊಂದಕ್ಕೇ ಅಂಥ 16384 ಪಟ್ಟಣಗಳು ಬೇಕು! ಸಾಕ್ಷ್ಯವಿಲ್ಲದೆ ತೀರ್ಪು ಕೊಡದ ಕಾಝಿ ಸಂಖ್ಯೆಯನ್ನೂ ಸಾಕ್ಷ್ಯ ಕೇಳಿಯೇ ಸ್ವೀಕರಿಸಿದರು. ಮೊಬೈಲಿಗೆ ಬಂದ ‘ಸಂಖ್ಯಾ ಪವಾಡ’ಗಳನ್ನು ಒಮ್ಮೆಯೂ ಕೂಡಿ ನೋಡದೆ ಹಂಚುವ ನಮ್ಮ ಅವಸರ ಅವರಲ್ಲಿರಲಿಲ್ಲ.

ಅವರಿಗಿಂತ ಎರಡು ಶತಮಾನಗಳಿಗೂ ಹಿಂದೆ, ಕ್ರಿ.ಶ. 1000ರ ಸುಮಾರಿಗೆ, ಅಲ್ ಬಿರೂನಿ ಈ ಮೊತ್ತಕ್ಕೆ ಹತ್ತಿರದ ದಾರಿ ತೋರಿಸಿದ್ದರು. ಐದನೆಯ ಮನೆಯ 16ರ ವರ್ಗ 256 ಒಂಬತ್ತನೆಯ ಮನೆಯದು. ಅದರ ವರ್ಗ 65536 ಹದಿನೇಳನೆಯದು. ಹೀಗೆ ಇನ್ನೆರಡು ಬಾರಿ ವರ್ಗ ಮಾಡಿದರೆ ಹಲಗೆಯಲ್ಲಿಲ್ಲದ 65ನೆಯ ಮನೆ ತಲುಪುತ್ತೇವೆ. ಯಾವ ಮನೆಯವರೆಗಿನ ಮೊತ್ತವೂ ಮುಂದಿನ ಮನೆಗಿಂತ ಒಂದು ಕಡಿಮೆ. ಆದುದರಿಂದ ಒಂದನ್ನು ಕಳೆದರೆ ಸಾಕು. ಈ ಸಂಖ್ಯೆಯನ್ನು 3, 5, 17, 257, 65537 ನಿಶ್ಶೇಷವಾಗಿ ಭಾಗಿಸುತ್ತವೆ. ಉಳಿಯುವ 4294967297 ಅವಿಭಾಜ್ಯವೆಂದು ಫರ್ಮಾ ಬಗೆದಿದ್ದರು. ಅದು 641 ಮತ್ತು 6700417ರ ಗುಣಲಬ್ಧವೆಂದು 1732ರಲ್ಲಿ ಆಯ್ಲರ್ ತೋರಿಸಿದರು.

ಇಮ್ಮಡಿಯ ಈ ಭಯಂಕರತೆಯನ್ನು ಅರಿತವನಿಗೆ ಆಲ್ ಇಮ್ರಾನ್ ಅಧ್ಯಾಯದ 130ನೆಯ ವಚನ ಬೇರೆಯೇ ರೀತಿ ಕೇಳಿಸುತ್ತದೆ. ಇಮ್ಮಡಿ ಮುಮ್ಮಡಿಯಾಗಿ ಬೆಳೆಯುವ ಬಡ್ಡಿಯನ್ನು ಅದು ನಿಷೇಧಿಸುತ್ತದೆ. ಅಜ್ಞಾನಕಾಲದ ಅರಬರಲ್ಲಿ ಅವಧಿಗೆ ಸಾಲ ತೀರದಿದ್ದರೆ ಮೊತ್ತವನ್ನೇ ಇಮ್ಮಡಿಸುವ ರೂಢಿಯಿತ್ತೆಂದು ತಫ್ಸೀರ್‌ಕಾರರು ವಿವರಿಸಿದ್ದಾರೆ. ಒಂದು ರೂಪಾಯಿ ಇಪ್ಪತ್ತು ಬಾರಿ ಇಮ್ಮಡಿಯಾದರೆ 10,48,576 ರೂಪಾಯಿ. ಸಾಲಗಾರನೂ ಆ ಅರಸನಂತೆಯೇ ಮೊದಲ ಮನೆಗಳನ್ನಷ್ಟೇ ನೋಡಿರುತ್ತಾನೆ.

ಇಂಥ ಸಂಖ್ಯೆಗಳು ಕನ್ನಡ ನಾಡಿಗೆ ಹೊಸತಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರಿಟ್ಟಿದ್ದಾರೆ, ನಮ್ಮ ಸಂಖ್ಯೆಯ ಮೊದಲ ಅಂಕಿ ಅವರ ಇಪ್ಪತ್ತನೆಯ ಸ್ಥಾನವಾದ ‘ಮಹಾಶಂಖ’ದಲ್ಲಿ ನಿಲ್ಲುತ್ತದೆ. 12ನೆಯ ಶತಮಾನದಲ್ಲಿ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ ಜೈನಕವಿ ರಾಜಾದಿತ್ಯನ ಊರು ಪೂವಿನಬಾಗೆ. ವಿದ್ವಾಂಸರು ಅದನ್ನು ಇಂದಿನ ರಾಯಬಾಗವೆಂದು ಗುರುತಿಸುತ್ತಾರೆ; ಅದೇ ನಮ್ಮ ಹಾರೂಗೇರಿಯ ತಾಲ್ಲೂಕು ಕೇಂದ್ರ.