ಪ್ರಯೋಗಾಲಯದ ನೀಲಿ, ರೈತನ ತಾವಾನ್

ಚರಿತ್ರೆಯ ತರಗತಿಯಲ್ಲಿ ನಾವು ಚಂಪಾರಣ್ಯ ಸತ್ಯಾಗ್ರಹದ ಪಾಠ ಓದಿದ್ದೆವು. ಮುಂದೆ ರಸಾಯನಶಾಸ್ತ್ರದ ತರಗತಿಯಲ್ಲಿ, ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಎಂಬ ವಿಜ್ಞಾನಿ ನೀಲಿ ಬಣ್ಣವನ್ನು ಕೃತಕವಾಗಿ ತಯಾರಿಸಿದನೆಂದು ಓದಿದೆವು. ಎರಡೂ ಪಾಠಗಳ ನೀಲಿ ಒಂದೇ ಎಂದು ನಮಗೆ ಯಾರೂ ಹೇಳಲಿಲ್ಲ. ವಿಜ್ಞಾನದ ಮೇಷ್ಟ್ರು ಚರಿತ್ರೆಯ ಕೊಠಡಿಗೆ ಬರುತ್ತಿರಲಿಲ್ಲ, ಚರಿತ್ರೆಯ ಮೇಷ್ಟ್ರು ವಿಜ್ಞಾನದ ಕೊಠಡಿಗೆ ಹೋಗುತ್ತಿರಲಿಲ್ಲ. ನಷ್ಟವಾದದ್ದು ನಮಗೆ.

ಬಿಹಾರದ ಚಂಪಾರಣ್ಯದಲ್ಲಿ ಇಪ್ಪತ್ತು ಕಠ್ಠಾ ಸೇರಿದರೆ ಒಂದು ಬಿಘಾ. ಪ್ರತಿ ಬಿಘಾದಲ್ಲಿ ಮೂರು ಕಠ್ಠಾ ಜಮೀನಿನಲ್ಲಿ ರೈತನು ಬಿಳಿಯ ದೊರೆಗಳಿಗಾಗಿ ನೀಲಿ ಬೆಳೆಯಲೇಬೇಕಿತ್ತು. ಈ ಪದ್ಧತಿಗೆ ತೀನ್‌ಕಠಿಯಾ ಎಂದು ಹೆಸರು. ಸಿಗುತ್ತಿದ್ದ ಬೆಲೆ ಜುಜುಬಿ. ಕೊಯ್ದ ಗಿಡವನ್ನು ನೀಲಿ ಕೋಠಿಯ ತೊಟ್ಟಿಗಳಲ್ಲಿ ನೆನೆಹಾಕಿ, ಕೊಳೆಸಿ, ಆ ನೀರನ್ನು ಗಾಳಿಯಾಡುವಂತೆ ಬಡಿದರೆ ತಳದಲ್ಲಿ ಬಣ್ಣ ಕೂರುತ್ತಿತ್ತು. ಅದು ಹಡಗೇರಿ ಯುರೋಪಿಗೆ ಹೋಗುತ್ತಿತ್ತು.

ಅದೇ ಕಾಲದಲ್ಲಿ ಬೇಯರ್ 1865ರಿಂದ ನೀಲಿಯ ಬೆನ್ನು ಹತ್ತಿದ್ದ. 1878ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ, 1883ರಲ್ಲಿ ಅದರ ಅಣುರಚನೆಯನ್ನು ಹೇಳಿದ. ಆದರೆ ಅವನ ದಾರಿ ದುಬಾರಿಯಾಗಿತ್ತು. ಕಲ್ಲಿದ್ದಲ ಡಾಂಬರಿನಿಂದ ಸಿಗುವ ನ್ಯಾಫ್ತಲೀನ್‌ನಿಂದ ಹೊರಟು, 1897ರಲ್ಲಿ ಬಿಎಎಸ್‌ಎಫ್ ಕಂಪನಿ ಅಗ್ಗದ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಬೇಯರ್‌ಗೆ 1905ರಲ್ಲಿ ನೊಬೆಲ್ ಬಹುಮಾನ ಬಂತು. ಭಾರತದ ನೀಲಿಯ ಬೆಲೆ ಕುಸಿಯಿತು.

ಹಾಗಾದರೆ ವಿಜ್ಞಾನ ರೈತನನ್ನು ಬಿಡುಗಡೆ ಮಾಡಿತೇ? ಹಾಗೆ ನಂಬುವುದು ಸುಲಭ. ನಡೆದದ್ದು ಬೇರೆ. ಲಾಭವಿಲ್ಲದ ಬೆಳೆಯನ್ನು ಕೈಬಿಡಲು ದೊರೆಗಳಿಗೇ ಅವಸರವಿತ್ತು. ಆದರೂ "ನಿಮ್ಮನ್ನು ನೀಲಿಯಿಂದ ಬಿಡುತ್ತೇವೆ, ಅದಕ್ಕೆ ಬೆಲೆ ಕೊಡಿ" ಎಂಬ ಧೋರಣೆ ಅವರದು. ಜಮೀನಿನ ಮೇಲೆ ಕಾಯಂ ಗುತ್ತಿಗೆಯಿದ್ದಲ್ಲಿ ಶರಹ್‌ಬೇಶಿ ಹೇರಿದರು. ಶರಹ್ ಎಂದರೆ ದರ, ಬೇಶಿ ಎಂದರೆ ಹೆಚ್ಚಳ. ಅಂದರೆ ಗೇಣಿ ಏರಿತು. ತಾತ್ಕಾಲಿಕ ಗುತ್ತಿಗೆಯಿದ್ದಲ್ಲಿ ಒಟ್ಟಾಗಿ ತಾವಾನ್ ವಸೂಲಿ ಮಾಡಿದರು. ನಾವು ಉರ್ದುವಿನಲ್ಲಿ ತಾವಾನ್ ಎನ್ನುವುದು ನಷ್ಟ ಮಾಡಿದವನು ತೆರುವ ಪರಿಹಾರಕ್ಕೆ. ಇಲ್ಲಿ ನಷ್ಟ ಮಾಡಿದ್ದು ಜರ್ಮನಿಯ ಕಾರ್ಖಾನೆ, ತೆತ್ತವನು ಚಂಪಾರಣ್ಯದ ರೈತ! ನಗದಿಲ್ಲದವರಿಂದ ಶೇಕಡಾ 12ರ ಬಡ್ಡಿಗೆ ಪತ್ರ ಬರೆಸಿಕೊಳ್ಳಲಾಯಿತೆಂದು 1917ರಲ್ಲಿ ಗಾಂಧೀಜಿ ಸರಕಾರಕ್ಕೆ ಸಲ್ಲಿಸಿದ ವರದಿ ಹೇಳುತ್ತದೆ.

1914ರಲ್ಲಿ ಮಹಾಯುದ್ಧ ಆರಂಭವಾಗಿ ಜರ್ಮನಿಯ ಬಣ್ಣ ನಿಂತಿತು. ಗಿಡದ ನೀಲಿಗೆ ಮತ್ತೆ ಬೆಲೆ ಬಂದಾಗ ದೊರೆಗಳು ಮತ್ತೆ ಬಿತ್ತನೆಗೆ ಒತ್ತಾಯಿಸಿದರು. ರಾಜ್‌ಕುಮಾರ್ ಶುಕ್ಲಾ ಗಾಂಧೀಜಿಯ ಬೆನ್ನುಬಿದ್ದು ಅವರನ್ನು ಕರೆತಂದರು. ಪೀರ್ ಮುಹಮ್ಮದ್ ಮೂನಿಸ್ ಎಂಬ ಪತ್ರಕರ್ತ ಅದಕ್ಕೂ ಮೊದಲಿನಿಂದ ಕಾನ್ಪುರದ 'ಪ್ರತಾಪ್' ಪತ್ರಿಕೆಯಲ್ಲಿ ರೈತರ ಗೋಳನ್ನು ಬರೆಯುತ್ತಿದ್ದರು. 1918ರ ಕಾಯಿದೆ ತೀನ್‌ಕಠಿಯಾವನ್ನು ರದ್ದುಪಡಿಸಿತು. ಆದರೆ ತಾವಾನಿನಲ್ಲಿ ಹಿಂದಿರುಗಿಸಬೇಕೆಂದು ಸಮಿತಿ ಹೇಳಿದ್ದು ಕಾಲು ಭಾಗ ಮಾತ್ರ.

ಈಗ ಈ ಎರಡು ಕೊಠಡಿಗಳ ನಡುವಿನ ಗೋಡೆಯನ್ನು ಸಂಶೋಧಕರು ಒಡೆಯುತ್ತಿದ್ದಾರೆ. ಇತಿಹಾಸಕಾರ ಪ್ರಕಾಶ್ ಕುಮಾರ್ 2012ರಲ್ಲಿ ಪ್ರಕಟಿಸಿದ ಗ್ರಂಥವು ಬಿಹಾರದ ತೋಟಗಳನ್ನೂ ವಿಜ್ಞಾನವನ್ನೂ ಒಟ್ಟಿಗೆ ನೋಡುತ್ತದೆ. ಸೋಲೊಪ್ಪದ ದೊರೆಗಳು ತಮ್ಮದೇ ರಸಾಯನಶಾಸ್ತ್ರಜ್ಞರನ್ನು ನೇಮಿಸಿ, ಗಿಡದ ನೀಲಿಯನ್ನು ಸುಧಾರಿಸಲು ಹೆಣಗಿದ್ದನ್ನು ಅದು ವಿವರಿಸುತ್ತದೆ.

ಬೇಯರ್ ಯಾವ ರೈತನಿಗೂ ಕೇಡು ಬಯಸಿದವನಲ್ಲ. ಹೊಸ ಶೋಧದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ಪ್ರಯೋಗಾಲಯ ನಿರ್ಧರಿಸುವುದಿಲ್ಲ. ಜಮೀನೂ ಕಾನೂನೂ ಯಾರ ಕೈಯಲ್ಲಿದೆಯೋ ಅವರು ನಿರ್ಧರಿಸುತ್ತಾರೆ. ಇಂದು ನಮ್ಮ ಮಕ್ಕಳು ತೊಡುವ ಜೀನ್ಸಿಗೆ ಬಹುಮಟ್ಟಿಗೆ ಕೃತಕ ನೀಲಿಯದೇ ಬಣ್ಣ. ಅವರು ಆ ಬಣ್ಣದ ಸೂತ್ರವನ್ನು ಕಲಿಯುವಾಗ, ಅದಕ್ಕೆ ತಾವಾನ್ ತೆತ್ತವರ ಹೆಸರನ್ನೂ ಕಲಿಯಲಿ.