ಎಚ್ಚರಿಕೆಯ ಪತ್ರಕ್ಕೆ ಮುದ್ರೆ ಎಲ್ಲಿ?

2018ರ ನವೆಂಬರ್ 30ರಂದು ಅಮೆರಿಕದ ಮ್ಯಾರಿಯಟ್ ಹೋಟೆಲು ಸಂಸ್ಥೆ ಒಂದು ಪ್ರಕಟಣೆ ಹೊರಡಿಸಿತು. ತನ್ನ ಒಡೆತನದ ಸ್ಟಾರ್‌ವುಡ್ ಹೋಟೆಲುಗಳಲ್ಲಿ ಕೊಠಡಿ ಕಾದಿರಿಸಿದವರ ದಾಖಲೆಗಳಿಗೆ ಕನ್ನ ಬಿದ್ದಿದೆ, ಹೆಚ್ಚೆಂದರೆ 50 ಕೋಟಿ ಅತಿಥಿಗಳ ವಿವರಗಳು ಅನ್ಯರ ಕೈ ಸೇರಿರಬಹುದು ಎಂಬುದು ಅದರ ಸಾರ. ಅಂದಿನಿಂದಲೇ ಅತಿಥಿಗಳಿಗೆ ಇಮೇಲ್ ಮೂಲಕ ಎಚ್ಚರಿಕೆಯ ಪತ್ರಗಳು ಹೋಗತೊಡಗಿದವು. ಅಂಥ ಪತ್ರವನ್ನು ತೆರೆದವನ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ. ನನ್ನ ಯಾವ ವಿವರ ಕಳುವಾಯಿತು ಎಂಬುದು ಒಂದು. ಈ ಪತ್ರವೇ ನಿಜವೋ ಅಥವಾ ಇದೂ ಕಳ್ಳರ ಕೈವಾಡವೋ ಎಂಬುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸಿಗದೆ ಮೊದಲನೆಯದನ್ನು ಕೇಳುವಂತೆಯೇ ಇಲ್ಲ.

ಹೋಟೆಲು ಎಂದೊಡನೆ ನಮಗೆ ಇಡ್ಲಿ, ದೋಸೆ, ಕಾಫಿ ನೆನಪಾಗುತ್ತವೆ. ಇಲ್ಲಿ ಹೇಳುತ್ತಿರುವುದು ಪರಊರಿಗೆ ಹೋದವರು ತಂಗುವ ವಸತಿ ಹೋಟೆಲುಗಳ ವಿಷಯ. ಸ್ಟಾರ್‌ವುಡ್ ಬಳಗದ ಹೆಸರುಗಳಲ್ಲಿ ಶೆರಟಾನ್ ಕೂಡ ಒಂದು. ಆ ಹೆಸರಿನ ಹೋಟೆಲು ಬೆಂಗಳೂರಿನಲ್ಲೂ ಉಂಟು. ಆದ್ದರಿಂದ ಇದು ದೂರದ ಅಮೆರಿಕಕ್ಕೆ ಮಾತ್ರ ಸೇರಿದ ಸಂಗತಿಯಲ್ಲ. 'ಬಂದ ಪತ್ರ ನಿಜವೇ?' ಎಂಬ ಈ ಒಂದು ಪ್ರಶ್ನೆಯ ಇತಿಹಾಸವನ್ನು ಸ್ವಲ್ಪ ನೋಡೋಣ.

ಹಳೆಯ ಪ್ರಶ್ನೆ

ನಮ್ಮ ದೇಶದ ರಾಜರು ಭೂಮಿಯನ್ನು ದಾನ ಕೊಟ್ಟಾಗ ಅದರ ವಿವರವನ್ನು ತಾಮ್ರದ ಹಲಗೆಗಳ ಮೇಲೆ ಕೊರೆಸುತ್ತಿದ್ದರು. ಹಲಗೆಗಳನ್ನು ಬಳೆಯೊಂದರಲ್ಲಿ ಪೋಣಿಸಿ, ಅದರ ಮೇಲೆ ರಾಜಮುದ್ರೆಯನ್ನು ಒತ್ತಿಸುತ್ತಿದ್ದರು. ತಲಕಾಡಿನ ಗಂಗರ ಮುದ್ರೆಯಲ್ಲಿ ಆನೆ, ಬಾದಾಮಿಯ ಚಾಲುಕ್ಯರ ಮುದ್ರೆಯಲ್ಲಿ ವರಾಹ. ಮುದ್ರೆ ಇದ್ದರೆ ಅದು ರಾಜನ ಮಾತು ಎಂದು ಜನ ನಂಬುತ್ತಿದ್ದರು. ಜನ ನಂಬುತ್ತಿದ್ದುದರಿಂದಲೇ ಸುಳ್ಳು ಮುದ್ರೆಗೂ ಬೆಲೆ ಬಂತು. ಇಂಥ ಕೃತಕ ಶಾಸನಗಳಿಗೆ ಕೂಟಶಾಸನ ಎಂಬ ಹೆಸರೇ ಹುಟ್ಟಿಕೊಂಡಿತು.

ಉತ್ತರ ಭಾರತದ ಮಧುಬನದಲ್ಲಿ ದೊರೆತ ಹರ್ಷವರ್ಧನನ ತಾಮ್ರಶಾಸನ ಕ್ರಿ.ಶ. 631ರದು. ವಾಮರಥ್ಯ ಎಂಬ ಬ್ರಾಹ್ಮಣನೊಬ್ಬ ಕೂಟಶಾಸನದ ಬಲದಿಂದ ಸೋಮಕುಂಡಕಾ ಎಂಬ ಗ್ರಾಮವನ್ನು ಅನುಭವಿಸುತ್ತಿದ್ದನೆಂದೂ, ಆ ಶಾಸನವನ್ನು ಒಡೆದುಹಾಕಿ ಗ್ರಾಮವನ್ನು ಬೇರೆ ಇಬ್ಬರಿಗೆ ದತ್ತಿ ಬಿಡಲಾಯಿತೆಂದೂ ಅದು ತಿಳಿಸುತ್ತದೆ. ಒಂದು ಸುಳ್ಳು ಪತ್ರದ ಮೇಲೆ ಒಂದು ಇಡೀ ಗ್ರಾಮ ನಿಂತಿತ್ತು!

ಹತ್ತೊಂಬತ್ತನೆಯ ಶತಮಾನದಲ್ಲಿ ಗಂಗರ ಹೆಸರಿನ ಹಲವು ತಾಮ್ರಪಟಗಳ ಬಗ್ಗೆ ಇಂಥದೇ ಪ್ರಶ್ನೆ ಎದ್ದಿತು. ಅವು ಕೂಟಶಾಸನಗಳೆಂದು ಜೆ.ಎಫ್. ಫ್ಲೀಟ್ ವಾದಿಸಿದರೆ, ಬಿ.ಎಲ್. ರೈಸ್ ಅದನ್ನು ಒಪ್ಪಲಿಲ್ಲ. ವಾದದ ತೀರ್ಪು ಏನೇ ಇರಲಿ, ಪರೀಕ್ಷೆಯ ಕ್ರಮ ಗಮನಿಸತಕ್ಕದ್ದು. ಶಾಸನ ತನ್ನನ್ನು ತಾನು ಏನೆಂದು ಹೇಳಿಕೊಳ್ಳುತ್ತದೆ ಎಂಬುದನ್ನು ವಿದ್ವಾಂಸರು ಹಾಗೆಯೇ ನಂಬುವುದಿಲ್ಲ. ಲಿಪಿ ಆ ಕಾಲದ್ದೇ, ತಿಥಿ ವಾರಗಳು ಕೂಡಿಬರುತ್ತವೆಯೇ, ಬೇರೆ ಶಾಸನಗಳು ಅದನ್ನು ಸಮರ್ಥಿಸುತ್ತವೆಯೇ ಎಂದು ನೋಡುತ್ತಾರೆ. ಎಂದರೆ ಪತ್ರದ ಸತ್ಯಕ್ಕೆ ಪತ್ರದ ಹೊರಗಿನ ಸಾಕ್ಷಿ ಬೇಕು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಸಾಗೋಣ.

ದಪ್ಪ ರಿಜಿಸ್ಟರಿನಿಂದ ಗಣಕಯಂತ್ರಕ್ಕೆ

ವಸತಿಗೃಹಗಳಲ್ಲಿ ಪ್ರವೇಶದ ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರು ಇರುತ್ತಿತ್ತು. ಹೆಸರು, ಊರು, ಬಂದ ಕಾರಣ, ಬಂದ ಹೊತ್ತು, ಹೋದ ಹೊತ್ತು ಎಲ್ಲವನ್ನೂ ಅದರಲ್ಲಿ ಬರೆದು ಸಹಿ ಹಾಕಬೇಕಿತ್ತು. ಆ ಪುಸ್ತಕವನ್ನು ಯಾರಾದರೂ ಕದ್ದರೂ ಒಂದು ಹೋಟೆಲಿನ ಕೆಲವು ತಿಂಗಳ ಅತಿಥಿಗಳ ವಿವರ ಹೋಗುತ್ತಿತ್ತು, ಅಷ್ಟೆ.

1965ರಲ್ಲಿ ಅಮೆರಿಕದ ಹಾಲಿಡೇ ಇನ್ ಸಂಸ್ಥೆ ಐಬಿಎಂ ಕಂಪನಿಯ ನೆರವಿನಿಂದ ಹಾಲಿಡೆಕ್ಸ್ ಎಂಬ ಗಣಕ ವ್ಯವಸ್ಥೆಯನ್ನು ಆರಂಭಿಸಿತು. ಒಂದು ಊರಿನಲ್ಲಿ ಕುಳಿತು ಇನ್ನೊಂದು ಊರಿನ ಕೊಠಡಿಯನ್ನು ಕಾದಿರಿಸುವುದು ಇದರಿಂದ ಸುಲಭವಾಯಿತು. ಕ್ರಮೇಣ ದೊಡ್ಡ ಹೋಟೆಲು ಸಂಸ್ಥೆಗಳೆಲ್ಲ ಇದೇ ದಾರಿ ಹಿಡಿದವು. ಸಾವಿರಾರು ಹೋಟೆಲುಗಳ ಅತಿಥಿಗಳ ವಿವರ ಒಂದೇ ಕಣಜಕ್ಕೆ ಬಂದು ಬಿದ್ದಿತು. ಅನುಕೂಲವೂ ಒಂದೆಡೆ ಸೇರಿತು, ಅಪಾಯವೂ ಒಂದೆಡೆ ಸೇರಿತು.

ಸ್ಟಾರ್‌ವುಡ್ ಸಂಸ್ಥೆಯ ಕಣಜಕ್ಕೆ ಕನ್ನ ಬಿದ್ದದ್ದು 2014ರಲ್ಲಿ. ಮ್ಯಾರಿಯಟ್ ಆ ಸಂಸ್ಥೆಯನ್ನು ಕೊಂಡದ್ದು 2016ರಲ್ಲಿ. ಅಟ್ಟದ ಮೇಲೆ ಕಳ್ಳ ಅಡಗಿದ್ದುದು ತಿಳಿಯದೆ ಮನೆಯನ್ನು ಕೊಂಡ ಹಾಗಾಯಿತು. 2018ರ ಸೆಪ್ಟೆಂಬರ್ 8ರಂದು ಕಾವಲಿಗೆ ಇಟ್ಟಿದ್ದ ಒಂದು ತಂತ್ರಾಂಶ ಅನುಮಾನ ಸೂಚಿಸಿತು. ಹೊರಸಾಗಿಸಲು ಗೂಢಲಿಪಿಯಲ್ಲಿ ಕಟ್ಟಿಟ್ಟಿದ್ದ ಮಾಹಿತಿಯನ್ನು ತಜ್ಞರು ಬಿಡಿಸಿ, ಅದು ಅತಿಥಿಗಳ ದಾಖಲೆಯೇ ಎಂದು ಖಚಿತಪಡಿಸಿಕೊಂಡಾಗ ನವೆಂಬರ್ 19 ಆಗಿತ್ತು. 2019ರ ಜನವರಿಯಲ್ಲಿ ಸಂಸ್ಥೆ ತನ್ನ ಲೆಕ್ಕವನ್ನು ತಿದ್ದಿ, ದಾಖಲೆಗಳ ಸಂಖ್ಯೆ ಹೆಚ್ಚೆಂದರೆ 38.3 ಕೋಟಿ ಎಂದಿತು. ಗೂಢಲಿಪಿಯ ರಕ್ಷಣೆಯಿಲ್ಲದೆ ಇಟ್ಟಿದ್ದ ಸುಮಾರು 52.5 ಲಕ್ಷ ಪಾಸ್‌ಪೋರ್ಟ್ ಸಂಖ್ಯೆಗಳು ಅದರಲ್ಲಿದ್ದವು.

ತಿಳಿಸುವುದು ಕಾನೂನಾಯಿತು

ಕಳುವಾದದ್ದನ್ನು ಜನರಿಗೆ ತಿಳಿಸಲೇಬೇಕೆಂಬ ನಿಯಮ ಮೊದಲಿನಿಂದ ಇರಲಿಲ್ಲ. 2002ರ ಏಪ್ರಿಲ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸರ್ಕಾರಿ ಗಣಕ ಕೇಂದ್ರಕ್ಕೆ ಕಳ್ಳರು ನುಗ್ಗಿದರು. ಸುಮಾರು 2,65,000 ನೌಕರರ ಸಂಬಳದ ದಾಖಲೆಗಳು ಅಲ್ಲಿದ್ದವು. ನೌಕರರಿಗೆ ಸುದ್ದಿ ತಲುಪುವ ಹೊತ್ತಿಗೆ ವಾರಗಳೇ ಕಳೆದಿದ್ದವು. ಅದೇ ವರ್ಷ ಅಲ್ಲಿನ ಶಾಸನಸಭೆ ಒಂದು ಕಾಯಿದೆ ಮಾಡಿತು. ವೈಯಕ್ತಿಕ ಮಾಹಿತಿ ಸೋರಿದರೆ ಸಂಬಂಧಪಟ್ಟ ವ್ಯಕ್ತಿಗೆ ತಿಳಿಸತಕ್ಕದ್ದು ಎಂಬ ಈ ಕಾಯಿದೆ 2003ರ ಜುಲೈ 1ರಿಂದ ಜಾರಿಗೆ ಬಂತು.

ಅದರ ಬಲ ತಿಳಿದದ್ದು 2005ರಲ್ಲಿ. ಚಾಯ್ಸ್‌ಪಾಯಿಂಟ್ ಎಂಬ ಮಾಹಿತಿ ವ್ಯಾಪಾರದ ಸಂಸ್ಥೆಯಿಂದ ವಂಚಕರು ಜನರ ವಿವರ ಪಡೆದಿದ್ದರು. ಸಂಸ್ಥೆ ಮೊದಲು ಕ್ಯಾಲಿಫೋರ್ನಿಯಾದ ಸುಮಾರು 35,000 ಜನರಿಗೆ ಪತ್ರ ಬರೆಯಿತು. ಬೇರೆ ರಾಜ್ಯದವರಿಗೆ ತಿಳಿಸಬೇಕಾದ ಕಾನೂನು ಇರಲಿಲ್ಲ. ಗದ್ದಲವೆದ್ದ ಮೇಲೆ ದೇಶದ ಉಳಿದೆಡೆಯ ಒಂದು ಲಕ್ಷಕ್ಕೂ ಹೆಚ್ಚು ಜನರಿಗೂ ಪತ್ರ ಹೋಯಿತು. ಆಮೇಲೆ ಒಂದೊಂದಾಗಿ ಎಲ್ಲ ರಾಜ್ಯಗಳೂ ಇಂಥ ಕಾಯಿದೆ ಮಾಡಿಕೊಂಡವು. 2018ರಲ್ಲಿ ಅಲಬಾಮಾ ಸೇರಿದಾಗ ಐವತ್ತೂ ಪೂರ್ಣವಾದವು. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಗೆ ಬಂದ ನಿಯಮದಂತೆ ಸಂಸ್ಥೆಗಳು ಮೇಲ್ವಿಚಾರಣೆಯ ಅಧಿಕಾರಿಗೆ 72 ಗಂಟೆಗಳೊಳಗೆ ವರದಿ ಮಾಡಬೇಕು.

ಹೀಗೆ ಎಚ್ಚರಿಕೆಯ ಪತ್ರ ನಾಗರಿಕನ ಹಕ್ಕಾಯಿತು. ಆದರೆ ಪತ್ರವನ್ನು ಗುರುತಿಸುವ ಬಗೆ ಹೇಗೆ? ಕಾಯಿದೆ ಪತ್ರವನ್ನು ಹುಟ್ಟಿಸಿತು. ಅದಕ್ಕೊಂದು ಮುದ್ರೆಯನ್ನು ಕೊಡಲಿಲ್ಲ.

ಒಂದು ಅಡ್ಡಗೆರೆಯ ಕಥೆ

ಇಮೇಲ್ ಕಳುಹಿಸುವ ಮೂಲ ನಿಯಮಗಳು 1982ರವು. ಲಕೋಟೆಯ ಹಿಂಭಾಗದಲ್ಲಿ 'ಇಂದ' ಎಂದು ಯಾರ ಹೆಸರನ್ನು ಬೇಕಾದರೂ ಬರೆಯಬಹುದಲ್ಲವೇ? ಇಮೇಲ್ ಕೂಡ ಮೊದಲಿಗೆ ಹಾಗೆಯೇ ಇತ್ತು. 1990ರ ದಶಕದ ಮಧ್ಯಭಾಗದಲ್ಲಿ ವಂಚಕರು ಅಮೆರಿಕ ಆನ್‌ಲೈನ್ ಸಂಸ್ಥೆಯ ಸಿಬ್ಬಂದಿಯಂತೆ ನಟಿಸಿ ಚಂದಾದಾರರ ಗುಪ್ತಪದ ಕೇಳತೊಡಗಿದರು. ಇದಕ್ಕೆ ಫಿಶಿಂಗ್ ಎಂದು ಹೆಸರಾಯಿತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಗಾಳ ಹಾಕುವುದು. ಮುಂದೆ, ಪತ್ರ ನಿಜಕ್ಕೂ ಆ ವಿಳಾಸದಿಂದಲೇ ಹೊರಟಿತೇ ಎಂದು ಯಂತ್ರಗಳೇ ಪರೀಕ್ಷಿಸುವ ವಿಧಾನಗಳು ಬಂದವು. ಆದರೆ ಆ ವಿಳಾಸದ ಒಡೆಯ ಯಾರು ಎಂಬುದನ್ನು ಓದುಗನೇ ಊಹಿಸಬೇಕು.

ಮ್ಯಾರಿಯಟ್ ಪತ್ರದ ತೊಡಕು ಇಲ್ಲಿಯೇ ಇತ್ತು. ಸಂಸ್ಥೆಯ ಎಲ್ಲರಿಗೂ ಗೊತ್ತಿರುವ ತಾಣ 'ಮ್ಯಾರಿಯಟ್ ಡಾಟ್ ಕಾಮ್'. ಪತ್ರ ಬಂದದ್ದು 'ಇಮೇಲ್-ಮ್ಯಾರಿಯಟ್ ಡಾಟ್ ಕಾಮ್' ಎಂಬ ವಿಳಾಸದಿಂದ. 'ಇಮೇಲ್' ಮತ್ತು 'ಮ್ಯಾರಿಯಟ್' ನಡುವೆ ಚುಕ್ಕಿ ಇದ್ದಿದ್ದರೆ ಅದು ಸಂಸ್ಥೆಯ ಸ್ವಂತ ಮನೆಯೊಳಗಿನ ಒಂದು ಕೋಣೆಯಾಗುತ್ತಿತ್ತು. ಅಡ್ಡಗೆರೆ ಇದ್ದುದರಿಂದ ಅದು ಬೇರೆಯೇ ಮನೆ. ಬಾಗಿಲ ಮೇಲೆ ಅದೇ ಹೆಸರಿನ ಫಲಕ ಮಾತ್ರ. ಅಂಥ ಫಲಕವನ್ನು ಅಲ್ಪ ಶುಲ್ಕ ಕೊಟ್ಟು ಯಾರು ಬೇಕಾದರೂ ಬರೆಸಿಕೊಳ್ಳಬಹುದು. ಆ ವಿಳಾಸ ಸಂಸ್ಥೆಯ ಪರವಾಗಿ ಬೇರೊಂದು ಕಂಪನಿ ನೋಂದಾಯಿಸಿದ್ದು. ಅದನ್ನು ತೆರೆದು ನೋಡಿದವರಿಗೆ ಯಾವ ಪುಟವೂ ಕಾಣುತ್ತಿರಲಿಲ್ಲ. ಇದು ನಮ್ಮದೇ ವಿಳಾಸ ಎಂಬ ಸಂಸ್ಥೆಯ ಮಾತು ಪ್ರಶ್ನೋತ್ತರದ ಪುಟವೊಂದರಲ್ಲಿ ಇತ್ತು. ಪತ್ರದೊಡನೆ ಯಾವ ಲಗತ್ತೂ ಇರುವುದಿಲ್ಲ, ಪತ್ರ ಯಾವ ವಿವರವನ್ನೂ ಕೇಳುವುದಿಲ್ಲ ಎಂದೂ ಅಲ್ಲಿ ಹೇಳಿತ್ತು. ಪತ್ರ ನಿಜವಾದದ್ದೇ. ಆದರೆ ಅದರ ಮುಖ ಸುಳ್ಳು ಪತ್ರದ ಮುಖದಂತಿತ್ತು.

ಅಪಾಯವನ್ನು ಇಬ್ಬರು ಭದ್ರತಾ ತಜ್ಞರು ಕೂಡಲೇ ಗ್ರಹಿಸಿದರು. ಜೇಕ್ ವಿಲಿಯಮ್ಸ್ ಎಂಬುವರು ಕೊನೆಯ ಒಂದು 'ಟಿ' ಬಿಟ್ಟು, ನಿಕ್ ಕಾರ್ ಎಂಬುವರು ಒಂದು 'ಆರ್' ಬಿಟ್ಟು, ಅದೇ ಬಗೆಯ ವಿಳಾಸಗಳನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಂಡರು. ಕಳ್ಳರು ಅವುಗಳನ್ನು ಹಿಡಿಯುವ ಮೊದಲು ತಾವೇ ಹಿಡಿದಿಡುವುದು ಅವರ ಉದ್ದೇಶ. ಕಳುವಿನ ಸುದ್ದಿ ಪ್ರಕಟವಾದ ದಿನ ಜನ ಪತ್ರಕ್ಕಾಗಿ ಕಾಯುತ್ತಿರುತ್ತಾರೆ. ಗಾಳ ಹಾಕುವವನಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಬೇರೆ ಇಲ್ಲ.

ಇದಕ್ಕೆ ಹಿಂದಿನ ವರ್ಷವೇ ಒಂದು ಪಾಠ ಸಿಕ್ಕಿತ್ತು. 2017ರ ಸೆಪ್ಟೆಂಬರ್ 7ರಂದು ಸಾಲದ ಅರ್ಹತೆಯ ವಿವರ ಇಡುವ ಈಕ್ವಿಫ್ಯಾಕ್ಸ್ ಸಂಸ್ಥೆ ತನ್ನಲ್ಲಿ ಆದ ಕಳುವನ್ನು ಪ್ರಕಟಿಸಿತು. ಸುಮಾರು 14.7 ಕೋಟಿ ಜನರ ವಿವರ ಅದರಲ್ಲಿತ್ತು. ಸಂಸ್ಥೆ ಜನರಿಗಾಗಿ 'ಈಕ್ವಿಫ್ಯಾಕ್ಸ್ ಸೆಕ್ಯುರಿಟಿ 2017' ಎಂಬ ಹೊಸ ತಾಣವನ್ನು ತೆರೆಯಿತು. ನಿಕ್ ಸ್ವೀಟಿಂಗ್ ಎಂಬ ತಂತ್ರಾಂಶ ತಜ್ಞರು ಪದಗಳನ್ನು ಹಿಂದುಮುಂದು ಮಾಡಿ 'ಸೆಕ್ಯುರಿಟಿ ಈಕ್ವಿಫ್ಯಾಕ್ಸ್ 2017' ಎಂಬ ಅಣಕು ತಾಣವನ್ನು ನಿರ್ಮಿಸಿದರು. ಈ ಏರ್ಪಾಡು ಎಷ್ಟು ದುರ್ಬಲ ಎಂದು ತೋರಿಸುವುದಷ್ಟೇ ಅವರ ಗುರಿ. ಸಂಸ್ಥೆಯ ಅಧಿಕೃತ ಟ್ವಿಟರ್ ಖಾತೆಯೇ ಹಲವು ಬಾರಿ ಜನರನ್ನು ಈ ಅಣಕು ತಾಣಕ್ಕೆ ಕಳುಹಿಸಿತು! ಮನೆಯವರೇ ತಮ್ಮ ಮನೆಯನ್ನು ಗುರುತಿಸಲಾರದೆ ಹೋದರೆ ಅತಿಥಿ ಏನು ಮಾಡಿಯಾನು?

ಮ್ಯಾರಿಯಟ್ ಸಂಸ್ಥೆಗೆ 2020ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರು 1.84 ಕೋಟಿ ಪೌಂಡ್ ದಂಡ ವಿಧಿಸಿದರು. 2024ರ ಅಕ್ಟೋಬರ್‌ನಲ್ಲಿ ಅದು ಅಮೆರಿಕದ ರಾಜ್ಯಗಳಿಗೆ 5.2 ಕೋಟಿ ಡಾಲರ್ ತೆರಲು ಒಪ್ಪಿತು. ಇವು ಮಾಹಿತಿಯನ್ನು ಸರಿಯಾಗಿ ಕಾಯದಿದ್ದ ಲೋಪಕ್ಕೆ ತೆತ್ತ ಬೆಲೆ. ಎಚ್ಚರಿಕೆಯ ಪತ್ರದ ಮೇಲಿನ ನಂಬಿಕೆಗೆ ತಗಲಿದ ಪೆಟ್ಟು ಯಾವ ಲೆಕ್ಕಕ್ಕೂ ಬರಲಿಲ್ಲ. ನಿಜವಾದ ಪತ್ರವೇ ಸುಳ್ಳಿನಂತೆ ಕಂಡರೆ ಒಬ್ಬ ಅದನ್ನು ಕಸಕ್ಕೆ ಎಸೆದು ನಷ್ಟಪಡುತ್ತಾನೆ. ಇನ್ನೊಬ್ಬ ಅದನ್ನು ನಂಬಿ, ನಾಳೆ ಅದೇ ರೂಪದ ಸುಳ್ಳು ಪತ್ರವನ್ನೂ ನಂಬುತ್ತಾನೆ.

ನಮ್ಮಲ್ಲಿ

ಭಾರತದಲ್ಲಿ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸಂಸ್ಥೆಗಳು ಇಂಥ ಘಟನೆಗಳನ್ನು ಆರು ಗಂಟೆಗಳೊಳಗೆ ಕೇಂದ್ರ ಸರ್ಕಾರದ ಸರ್ಟ್-ಇನ್ ವಿಭಾಗಕ್ಕೆ ತಿಳಿಸಬೇಕು. ಅದು ಸರ್ಕಾರಕ್ಕೆ ಹೋಗುವ ವರದಿ. ತೊಂದರೆಗೊಳಗಾದ ಪ್ರತಿಯೊಬ್ಬ ವ್ಯಕ್ತಿಗೂ ತಿಳಿಸಬೇಕೆಂಬ ವಿಧಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಹಂತಹಂತವಾಗಿ ಜಾರಿಯಾಗಬೇಕೆಂಬುದು ಅವುಗಳ ಏರ್ಪಾಡು. ಎಂದರೆ 'ನಿಮ್ಮ ಮಾಹಿತಿ ಸೋರಿದೆ' ಎಂಬ ಪತ್ರ ನಿಮ್ಮ ಮನೆಯ ಫೋನಿಗೂ ಬರುವ ಕಾಲ ಇದು. ಅದರ ಬೆನ್ನಿಗೇ ಸುಳ್ಳು ಪತ್ರಗಳೂ ಬಂದಾವು.

ಹಾಗಾದರೆ ವಿದ್ಯಾರ್ಥಿ ಮಿತ್ರರು ಏನು ಮಾಡಬೇಕು? ಶಾಸನತಜ್ಞರ ಕ್ರಮವೇ ಇಲ್ಲಿಯೂ ದಾರಿ. ಪತ್ರ ಕೊಟ್ಟ ಕೊಂಡಿಯನ್ನು ಒತ್ತಬೇಡಿ, ಪತ್ರದಲ್ಲಿರುವ ಫೋನ್ ಸಂಖ್ಯೆಗೆ ಕರೆ ಮಾಡಬೇಡಿ. ಅವು ಪತ್ರ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಸಾಕ್ಷಿ. ನಿಮಗೆ ಮೊದಲೇ ಗೊತ್ತಿರುವ ದಾರಿಯಿಂದ ಆ ಸಂಸ್ಥೆಯನ್ನು ತಲುಪಿ. ಹಳೆಯ ರಶೀದಿಯ ಮೇಲಿನ ಸಂಖ್ಯೆ, ನೀವೇ ಅಕ್ಷರ ಅಕ್ಷರವಾಗಿ ಬರೆದ ತಾಣದ ಹೆಸರು, ವೃತ್ತಪತ್ರಿಕೆಯ ಸುದ್ದಿ, ಇವು ಹೊರಗಿನ ಸಾಕ್ಷಿಗಳು. ಪತ್ರ ಗುಪ್ತಪದ, ಓಟಿಪಿ ಅಥವಾ ಹಣ ಕೇಳಿದರೆ, 'ಈಗಲೇ, ಇಲ್ಲದಿದ್ದರೆ' ಎಂದು ಅವಸರಪಡಿಸಿದರೆ, ಅನುಮಾನ ಇಮ್ಮಡಿಯಾಗಲಿ. ಸುದ್ದಿ ನಿಜವೆಂದು ತಿಳಿದರೆ ಸುಮ್ಮನೆ ಕೂರದೆ ಗುಪ್ತಪದ ಬದಲಿಸಿ, ಬ್ಯಾಂಕಿಗೆ ತಿಳಿಸಿ. ಮೋಸದಿಂದ ಹಣ ಹೋದರೆ 1930 ಸಂಖ್ಯೆಗೆ ತಡಮಾಡದೆ ಕರೆ ಮಾಡಿ. ಮನೆಯ ಹಿರಿಯರಿಗೆ ಇಂಥ ಸಂದೇಶ ಬಂದಾಗ ಪಕ್ಕದಲ್ಲಿ ಕುಳಿತು ಓದಿ ಹೇಳಿ. ಗಾಬರಿಯಲ್ಲಿ ಒಬ್ಬರೇ ತೀರ್ಮಾನ ಮಾಡುವುದಕ್ಕಿಂತ ಇಬ್ಬರು ಯೋಚಿಸುವುದು ಲೇಸು.

ಸುಳ್ಳು ತಾಮ್ರಪಟ ಬಯಲಾದದ್ದರಿಂದ ಜನ ಶಾಸನಗಳನ್ನು ನಂಬುವುದನ್ನು ಬಿಡಲಿಲ್ಲ. ಪರೀಕ್ಷಿಸಿ ನಂಬುವುದನ್ನು ಕಲಿತರು. ಹರ್ಷನ ಕಾಲದಲ್ಲಿ ಒಡೆದುಹಾಕಲು ತಾಮ್ರದ ಹಲಗೆಯೊಂದು ಕೈಗೆ ಸಿಗುತ್ತಿತ್ತು. ಇಂದಿನ ಸುಳ್ಳು ಪತ್ರಗಳನ್ನು ಹಾಗೆ ಒಡೆದು ಮುಗಿಸುವಂತಿಲ್ಲ. ಆದ್ದರಿಂದ ಪರೀಕ್ಷಿಸುವ ಕೆಲಸ ರಾಜನಿಂದ, ವಿದ್ವಾಂಸರಿಂದ ಇಳಿದು ನಮ್ಮ ನಿಮ್ಮೆಲ್ಲರ ಕೈಗೆ ಬಂದಿದೆ.